ಓದಲು ಬರುವಂಥ ಪತ್ರ

ಜೂನ್ 4, ಗುರುವಾರ. ಬೆಳಿಗ್ಗೆ 8.10

ಹಲ್ಲುಜ್ಜುವ ಮೊದಲೇ ಲಾಗ್ ನೋಡಿದೆ. ನಿನ್ನೆ 10.02ಕ್ಕೆ ಮೇಲ್ ಹೋಗಿದೆ. 10.02ಕ್ಕೇ ತಲುಪಿದೆ. ಒಪ್ಪಿಗೆ — ಇಲ್ಲ. ಇದು ಹತ್ತನೇ ವಾರ.

ನನ್ನ ನೆನಪಿನ ಮೇಲೂ ನನಗೆ ನಂಬಿಕೆಯಿಲ್ಲ, ಆದ್ದರಿಂದ ನಿಯಮವನ್ನು ಇನ್ನೊಮ್ಮೆ ಬರೆದಿಡುತ್ತೇನೆ. ಬುಧವಾರ ನಾನು ಭೇಟಿ ಕೇಳಬೇಕು. ಭೇಟಿ ಕೇಂದ್ರದ ಸಾಫ್ಟ್‌ವೇರ್ ಕೇಳಿದವರಿಗೆ ಒಂದು ರಸೀದಿ ಮೇಲ್, ಎದುರುಪಾರ್ಟಿಗೆ ಕೋರಿಕೆಯ ಮೇಲ್ ಕಳಿಸುತ್ತದೆ. ಆ ಮೇಲಿನಲ್ಲಿರುವ ಲಿಂಕ್ ಒತ್ತಿ ಶುಕ್ರವಾರ ಹತ್ತರೊಳಗೆ ಒಪ್ಪಿದರೆ, ಶನಿವಾರ ಹನ್ನೊಂದರಿಂದ ಒಂದರವರೆಗೆ ಮಗಳು ನನ್ನ ಜೊತೆ. ಒತ್ತದಿದ್ದರೆ ರದ್ದು. ಮೇಲ್ ಬಿಟ್ಟರೆ ಬೇರೆ ದಾರಿಯಿಲ್ಲ. ಸೈಟಿನಲ್ಲೇ ಒಪ್ಪುವ ಬಟನ್ ಕೊಡುವುದು 'ಮುಂದಿನ ವರ್ಷದ ಕೆಲಸ' ಎಂದು ಪಟ್ಟಿಯಲ್ಲಿದೆ. ಆ ಪಟ್ಟಿ ಮಾಡಿದವನೂ ನಾನೇ.

ಎದುರುಪಾರ್ಟಿ ಎಂದರೆ ಹೆಂಡತಿ. ಹಾಗೇ ಕರೆಯಿರಿ, ಅಭ್ಯಾಸವಾಗುತ್ತದೆ ಎಂದು ವಕೀಲರು ಹೇಳಿದ್ದರು. ಅಭ್ಯಾಸವಾಗಿದೆ. ಜನವರಿಯಲ್ಲಿ ಅವರ ಮಾತಿನಂತೆ ಅವಳ ನಂಬರನ್ನೂ ಬ್ಲಾಕ್ ಮಾಡಿದೆ. ಬಾಯಿಮಾತು ಸಾಕ್ಷಿಯಾಗುವುದಿಲ್ಲವಂತೆ.

ಸಾಫ್ಟ್‌ವೇರ್ ನಮ್ಮ ಆಫೀಸಿನದು. ಮೇಲ್ ಕಳಿಸುವ ಭಾಗ ಐದು ವರ್ಷದ ಹಿಂದೆ ನಾನು ಬರೆದದ್ದು. ನನ್ನ ಕೇಸು ಅದೇ ಕೇಂದ್ರದಲ್ಲಿದೆ ಎಂದು ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಲಾಗ್ ನೋಡಲು ಬಿಡುವುದಿಲ್ಲ. ಲಾಗ್ ಇಲ್ಲದಿದ್ದರೆ ಅವಳು ಹೇಳಿದ್ದೇ ವೇದವಾಕ್ಯ.

ಜೂನ್ 6, ಶನಿವಾರ. 11.00

ರದ್ದು. ಗೊತ್ತಿದ್ದದ್ದೇ.

ಮನೆಯಲ್ಲಿ ಕುಳಿತಿದ್ದೇನೆ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡದ ಹಾಗೆ ಓಡಾಡುತ್ತಿದ್ದಾರೆ. ಶನಿವಾರ ಹನ್ನೊಂದಕ್ಕೆ ಮಾತ್ರ ಈ ಮರ್ಯಾದೆ.

ಕೇಂದ್ರದ ರೂಮು ಕಣ್ಣಿಗೆ ಕಟ್ಟಿದ ಹಾಗಿದೆ. ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಗಿಡ್ಡ ಇರುವ ಮೇಜು, ಹಾಳೆ ಹರಿದ ಚಿತ್ರದ ಪುಸ್ತಕಗಳು. ಮೂಲೆಯಲ್ಲಿ ಕುಳಿತು ಎಲ್ಲರ ಮೇಲೆ ಕಣ್ಣಿಟ್ಟು ಕ್ರೋಶಾ ಹಾಕುವ ಮೇಡಂ. ಕೊನೆಯ ಸಲ, ಮಾರ್ಚ್ 28ರಂದು, ಪಿಟೀಲು ಆ ಗಿಡ್ಡ ಕಾಲಿನ ಕೆಳಗೆ ತನ್ನ ರಬ್ಬರ್ ಇಟ್ಟು ಮೇಜನ್ನು ನೆಟ್ಟಗೆ ನಿಲ್ಲಿಸಿದಳು. ಹೋಗುವಾಗ ರಬ್ಬರ್ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಬೇಕಾಗುತ್ತಲ್ಲ ಅಂದಳು.

ಪಿಟೀಲು ಮಗಳ ನಿಜವಾದ ಹೆಸರಲ್ಲ. ಹುಟ್ಟಿದ ವಾರದ ಅಳು ಕೇಳಿ ಅಮ್ಮ ಇಟ್ಟದ್ದು. ಈಗ ಒಂಬತ್ತು ವರ್ಷ. ಒಂದು ಮುಂಬಲ್ಲು ಅಲ್ಲಾಡುತ್ತಿತ್ತು. ಬಿದ್ದಿರುತ್ತದೆ. ಯಾವತ್ತು ಬಿತ್ತೋ ನನಗೆ ಗೊತ್ತಿಲ್ಲ.

ಇದನ್ನು ನಾನು ಕ್ಷಮಿಸುವುದಿಲ್ಲ.

ಜೂನ್ 9, ಮಂಗಳವಾರ. ಸಂಜೆ 5.30

ವಕೀಲರ ನೋಟಿಸಿಗೆ ಆ ಕಡೆಯಿಂದ ಉತ್ತರ ಬಂದಿದೆ. ಒಂದೇ ಪುಟ. 'ಕೇಂದ್ರದಿಂದ ಓದಲು ಬರುವಂಥ ಯಾವ ಪತ್ರವೂ ನಮ್ಮ ಕಕ್ಷಿದಾರರಿಗೆ ಈವರೆಗೆ ತಲುಪಿರುವುದಿಲ್ಲ.'

ಮೂರು ಸಲ ಓದಿದೆ. 'ಓದಲು ಬರುವಂಥ' ಏಕೆ? ಪತ್ರ ತಲುಪಿಲ್ಲ ಎಂದಷ್ಟೇ ಬರೆದರೆ ಸಾಲದೇ? ನಾಳೆ ಲಾಗ್ ತೋರಿಸಿದರೆ ನುಣುಚಿಕೊಳ್ಳಲು ಕಿಂಡಿ ಬಿಟ್ಟುಕೊಂಡಿದ್ದಾರೆ. ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಜನ.

ವಕೀಲರಿಗೂ ಅದೇ ಅನ್ನಿಸಿತು. ತಲುಪಿದ್ದಕ್ಕೆ ಪುರಾವೆ ಸಿಗುತ್ತದೆಯೇ ಎಂದು ಕೇಳಿದರು. ಪ್ರತಿ ಮೇಲಿನ ಗಂಟೆ, ನಿಮಿಷ, ಸೆಕೆಂಡು ಸಿಗುತ್ತದೆ ಎಂದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಹಾಗಾದರೆ ಬರೀ ಶನಿವಾರ ಏಕೆ ಕೇಳಬೇಕು, ಮಗುವನ್ನೇ ಕೇಳೋಣ ಎಂದರು. ಬೇಕೆಂದೇ ತಂದೆಯ ಭೇಟಿ ತಪ್ಪಿಸುವ ತಾಯಿಯ ಬಳಿ ಮಗುವನ್ನು ಬಿಡಲು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲವಂತೆ.

ಯೋಚಿಸಿ ಹೇಳುತ್ತೇನೆ ಎಂದೆ. ಮೆಟ್ಟಿಲಿಳಿಯುವಷ್ಟರಲ್ಲಿ ಯೋಚಿಸಿ ಮುಗಿದಿತ್ತು.

ಜೂನ್ 10, ಬುಧವಾರ. ಮಧ್ಯಾಹ್ನ 1.40

10.00ಕ್ಕೆ ಕೋರಿಕೆ. 10.02ಕ್ಕೆ ತಲುಪಿದೆ.

ದೂರಿನ ಪೆಟ್ಟಿಗೆ ಖಾಲಿ ಮಾಡಿದೆ. ಕೇಂದ್ರದ ಸೈಟಿನಲ್ಲಿ ಜನ ಬರೆಯುವ ದೂರುಗಳು ಮೇಲ್ ಆಗಿ ನನ್ನ ಹತ್ತಿರವೇ ಬರುತ್ತವೆ. ಪಾಸ್‌ವರ್ಡ್ ಮರೆತವರು ನಾಲ್ವರು. ಫೋಟೊ ಏರುತ್ತಿಲ್ಲ ಎಂದವರು ಇಬ್ಬರು. ಬರೀ ಪ್ರಶ್ನೆ ಚಿಹ್ನೆಗಳಿರುವ ಕಸ ಐದು. ಈಚೆಗೆ ಈ ಕಸ ಜಾಸ್ತಿಯಾಗಿದೆ. ಎರಡು ವರ್ಷದ ಹಿಂದೆ ಯಾವುದೋ ದೇಶದ ಜಾಹೀರಾತು ಹೀಗೇ ಸಾವಿರಗಟ್ಟಲೆ ಸುರಿದಿತ್ತು. ಒಂದನ್ನು ತೆರೆದ ಗುಮಾಸ್ತನ ದೆಸೆಯಿಂದ ಇಡೀ ಆಫೀಸು ನಾಲ್ಕು ದಿನ ಕೈಕಟ್ಟಿ ಕೂತಿತ್ತು. ಆವತ್ತಿನಿಂದ ನನ್ನದೊಂದು ನಿಯಮ: ಪ್ರಶ್ನೆ ಚಿಹ್ನೆ ಕಂಡರೆ ತೆರೆಯುವುದಿಲ್ಲ. 'ಕಸ' ಎಂದು ಗುರುತು ಹಾಕಿ ಮುಚ್ಚುತ್ತೇನೆ.

ಟೆಸ್ಟಿಂಗ್ ಹುಡುಗಿ ಹಿಂದೆ ಬಂದು ನಿಂತಿದ್ದಳು. ದಪ್ಪ ಗಾಜಿನ ಕನ್ನಡಕದವಳು. ಆಫೀಸಿನಲ್ಲಿ ಅವಳನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಾರೆ, ಅವಳೂ ಹಾಗೇ ಸಹಿ ಮಾಡುತ್ತಾಳೆ. ಏಪ್ರಿಲಿನಿಂದ ಮೇಲುಗಳನ್ನು ನಮ್ಮ ಭಾಷೆಯಲ್ಲೂ ಕಳಿಸುತ್ತಿದ್ದೇವಲ್ಲ, ಅದನ್ನು ಯಾರು ಪರೀಕ್ಷೆ ಮಾಡಿದರು ಎಂದು ಕೇಳಿದಳು. ನಾನೇ ಎಂದೆ.

"ಸ್ಕ್ರೀನಲ್ಲಿ ನೋಡಿದ್ರಾ ಸರ್, ಇಲ್ಲ ನಿಜವಾಗ್ಲೂ ಕಳ್ಸಿ ನೋಡಿದ್ರಾ?"

ಐದು ವರ್ಷದಿಂದ ಓಡುತ್ತಿರುವ ಪ್ರೋಗ್ರಾಂ. ಸ್ಕ್ರೀನಿನಲ್ಲಿ ಅಕ್ಷರ ಮುತ್ತಿನ ಹಾಗೆ ಬಂದಿತ್ತು. ನಿನ್ನ ಕೆಲಸ ನೋಡಿಕೋ ಎಂದೆ.

ಇಷ್ಟು ದಿನ ಇಲ್ಲದ ಪ್ರಶ್ನೆ ಇವತ್ತೇ ಏಕೆ? ನನ್ನ ಕುರ್ಚಿಯ ಮೇಲೆ ಕಣ್ಣಿರಬಹುದು. ಇಲ್ಲವೇ ನನ್ನ ಸ್ಕ್ರೀನಿನ ಮೇಲೆ.

ಜೂನ್ 17, ಬುಧವಾರ. ಸಂಜೆ 6.15

10.02. ತಲುಪಿದೆ.

ಸೋಡಾಬುಡ್ಡಿ ಹತ್ತುವ ಬಸ್ಸು ಎದುರುಪಾರ್ಟಿಯ ಅಕ್ಕನ ಬಡಾವಣೆಗೆ ಹೋಗುವುದು. ಇವತ್ತು ಗಮನಿಸಿದೆ. ಆ ಬಸ್ಸು ಅರ್ಧ ಊರನ್ನು ಸುತ್ತಿಕೊಂಡು ಹೋಗುತ್ತದೆ, ಅದು ಬೇರೆ ಮಾತು. ಆದರೂ ಡ್ರಾಯರಿಗೆ ಬೀಗ ಹಾಕಿ ಬಂದೆ. ಬಸ್‌ಸ್ಟಾಪಿನಿಂದ ವಾಪಸು ಹೋಗಿ ಬೀಗ ಎಳೆದು ನೋಡಿ ಬಂದೆ.

ಜೂನ್ 29, ಸೋಮವಾರ. ಬೆಳಿಗ್ಗೆ 9.20

ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಪ್ರಿಂಟ್ ತೆಗೆದೆ. ಹದಿಮೂರು ಶನಿವಾರ, ಹದಿಮೂರು ಹಾಳೆ. ಪ್ರತಿ ಹಾಳೆಯಲ್ಲೂ 'ತಲುಪಿದೆ'.

ಒಂದೊಂದೇ ಹಾಳೆ ಬೆಚ್ಚಗೆ ಹೊರಗೆ ಬರುವಾಗ ಖುಷಿಯಾಯಿತು ಎಂದು ಬರೆಯಲು ನಾಚಿಕೆಯೇನಿಲ್ಲ.

ಜುಲೈ 3, ಶುಕ್ರವಾರ. ಮಧ್ಯಾಹ್ನ

ಅಫಿಡವಿಟ್‌ಗೆ ಸಹಿ ಹಾಕಿದೆ. 'ಎದುರುಪಾರ್ಟಿಯು ಹದಿಮೂರು ಕೋರಿಕೆಗಳನ್ನು ಸ್ವೀಕರಿಸಿಯೂ ದುರುದ್ದೇಶದಿಂದ ಮೌನವಾಗಿದ್ದು...' ಮಗುವನ್ನು ನನ್ನ ವಶಕ್ಕೆ ಕೊಡಬೇಕು ಎಂದು ಪ್ರಾರ್ಥನೆ. ವಿಚಾರಣೆ 28ಕ್ಕೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಪಿಟೀಲು ಇಲ್ಲೇ ಬಂದುಬಿಡುತ್ತಾಳೆ ಎಂದೆ. ಅಮ್ಮ ಸಂತೋಷ ಪಡುತ್ತಾರೆ ಅಂದುಕೊಂಡಿದ್ದೆ. ಬೇಳೆ ಆರಿಸುತ್ತ ಕುಳಿತಿದ್ದವರು ತಲೆ ಎತ್ತಲಿಲ್ಲ.

"ಮಗೂನ ತಾಯಿಯಿಂದ ಕೀಳೋದು ಅಂದ್ರೆ ಹಲ್ಲು ಕಿತ್ತ ಹಾಗಲ್ಲ ಕಣೋ. ಆ ಹುಡುಗಿ ಸಿಡುಕಿ ಇರಬಹುದು, ಸುಳ್ಳು ಹೇಳೋಳಲ್ಲ."

ಆ ಹುಡುಗಿ! ಇನ್ನೂ ಹಾಗೇ ಕರೆಯುತ್ತಾರೆ. ನಾನು ಆಫೀಸಿಗೆ ಹೋದಾಗ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಾರೋ ಏನೋ. ಅಮ್ಮ ಸ್ನಾನಕ್ಕೆ ಹೋದಾಗ ಅವರ ಫೋನು ತೆಗೆದು ನೋಡಿದೆ. ಏನೂ ಇಲ್ಲ. ಅಳಿಸಿರಲೂಬಹುದು.

ಜುಲೈ 12, ಭಾನುವಾರ. ಬೆಳಿಗ್ಗೆ 11

ಒಂಬತ್ತು ದಿನ ಬರೆದಿಲ್ಲ. ಬರೆಯಲು ಏನಿದೆ. ಇನ್ನೆರಡು ಬುಧವಾರ, ಇನ್ನೆರಡು ಶನಿವಾರ, ಅದೇ ಹಾಡು.

ವಕೀಲರಿಂದ ಹೊಸ ಉಪಾಯ: ಅಜ್ಜಿಯೂ ಪ್ರತ್ಯೇಕವಾಗಿ ಭೇಟಿ ಕೇಳಬಹುದು. ಅಜ್ಜಿಗೂ ಇಲ್ಲ ಎಂದರೆ ನಮಗೆ ಇನ್ನೂ ಒಳ್ಳೆಯದು. ಅಮ್ಮ ಒಪ್ಪಿದರು, ಆದರೆ ಅರ್ಜಿ ತಾವೇ ತುಂಬುತ್ತೇನೆ ಎಂದು ಹಟ. ಒಂದು ಬೆರಳಿನಲ್ಲಿ ಒಂದೂವರೆ ಗಂಟೆ. ಭಾಷೆ ಯಾವುದು ಎಂದು ಕೇಳುವ ಕಡೆ ನಮ್ಮದನ್ನೇ ಒತ್ತಿದರು. ನನ್ನ ಅರ್ಜಿ ತುಂಬುವಾಗ ನಾನು ಇಂಗ್ಲಿಷ್ ಒತ್ತಿದ್ದೆ. ಈ ಕೆಲಸದವರಿಗೆಲ್ಲ ಅದೇ ಅಭ್ಯಾಸ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಜುಲೈ 15, ಬುಧವಾರ. ಮಧ್ಯಾಹ್ನ 1.30

ಬೆಳಿಗ್ಗೆ 10.30ಕ್ಕೆ ಅಮ್ಮನ ಫೋನ್ ಬಂತು.

"ಆ ಕೇಂದ್ರದಿಂದ ಮೇಲ್ ಬಂದಿದೆ. ನನ್ನ ಇಷ್ಟೊಂದು ಪ್ರಶ್ನೆ ಕೇಳಿದಾರೆ. ಒಂದಕ್ಕೂ ಉತ್ತರ ಗೊತ್ತಿಲ್ಲ ನಂಗೆ."

ಏನು ಪ್ರಶ್ನೆ ಎಂದೆ. ಬರೀ ಪ್ರಶ್ನೆ ಚಿಹ್ನೆ ಇದೆ, ಪ್ರಶ್ನೆ ಇಲ್ಲ ಎಂದರು.

ಅರ್ಥವಾಯಿತು. ಎದುರುಪಾರ್ಟಿ ಅಮ್ಮನ ಮೇಲ್ ಖಾತೆಗೆ ಕೈ ಹಾಕಿದ್ದಾಳೆ. ಆ ಖಾತೆ ತೆರೆದುಕೊಟ್ಟವಳು ಅವಳೇ ತಾನೆ, ಪಾಸ್‌ವರ್ಡ್ ಗೊತ್ತಿರುತ್ತದೆ. ರಜೆ ಹಾಕಿ ಮನೆಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಿದೆ. ಅಮ್ಮ ನೋಡುತ್ತ ನಿಂತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು, ನೀನು ಕಾಣದೇ ಇದ್ದದ್ದಕ್ಕೂ ಪ್ರಮಾಣ ಮಾಡ್ತೀಯ ಎಂದರು.

ಹೊಸ ಪಾಸ್‌ವರ್ಡ್ ಹಾಕಿ ಅಮ್ಮನ ಅರ್ಜಿಯಿಂದ ಇನ್ನೊಂದು ಕೋರಿಕೆ ಒತ್ತಿದೆ. ಎರಡು ನಿಮಿಷಕ್ಕೆ ಮೇಲ್ ಬಂತು. ವಿಷಯದ ಸಾಲು ಪ್ರಶ್ನೆ ಚಿಹ್ನೆ. ಅಮ್ಮನ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ. ಕಳಿಸಿದವರ ಹೆಸರೂ ಅದೇ. ಒಂದು ಪುಟ ಪೂರ್ತಿ. ಕೊನೆಯಲ್ಲಿ ಒಂದು ಲಿಂಕ್ ಮಾತ್ರ ನೀಲಿ ಬಣ್ಣದಲ್ಲಿ ಗುಂಡುಕಲ್ಲಿನ ಹಾಗೆ ಕೂತಿದೆ.

ಎರಡು ನಿಮಿಷದಲ್ಲಿ ಯಾವ ಕಳ್ಳಿಯೂ ಹೊಸ ಪಾಸ್‌ವರ್ಡ್ ಕದಿಯಲಾರಳು.

ಜುಲೈ 16, ಗುರುವಾರ. ಮಧ್ಯಾಹ್ನ 12.50

ಬೆಳಿಗ್ಗೆ ಸೋಡಾಬುಡ್ಡಿಯ ಮೇಜಿನ ಹತ್ತಿರ ಹೋಗಿ ನಿಂತೆ. ಅಮ್ಮನ ಮೇಲ್ ತೋರಿಸಿದೆ. ಯಾರ ಮೇಲ್ ಎಂದು ಅವಳು ಕೇಳಲಿಲ್ಲ.

ಇಪ್ಪತ್ತು ನಿಮಿಷ ಸಾಕಾಯಿತು. ಪ್ರತಿ ಮೇಲಿನ ತಲೆಯಲ್ಲಿ ಒಂದು ಸಾಲು ಇರುತ್ತದೆ, ಒಳಗಿರುವ ಅಕ್ಷರಗಳನ್ನು ಯಾವ ಪಟ್ಟಿ ಹಿಡಿದು ಓದಬೇಕು ಎಂದು ಹೇಳುವ ಸಾಲು. ನನ್ನ ಪ್ರೋಗ್ರಾಂ ಎಲ್ಲ ಮೇಲಿಗೂ ಒಂದೇ ಹಳೆಯ ಪಟ್ಟಿ ಹಾಕುತ್ತದೆ. ಇಂಗ್ಲಿಷಿಗೂ ಇನ್ನು ನಾಲ್ಕಾರು ಭಾಷೆಗೂ ಸಾಕಾಗುವ ಪಟ್ಟಿ. ನಮ್ಮ ಲಿಪಿಯ ಒಂದಕ್ಷರವೂ ಅದರಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ತೆಗೆದು ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಇಡು ಎಂದು ಐದು ವರ್ಷದ ಹಿಂದೆ ಬರೆದವನು ನಾನು. ಗುರುತಿಲ್ಲದ ಅಕ್ಷರದ ವೇಷದಲ್ಲಿ ಯಾರಾದರೂ ಕಳ್ಳರು ನುಗ್ಗಿದರೆ ಎಂದು. ಪಕ್ಕದಲ್ಲಿ ಟಿಪ್ಪಣಿಯೂ ಇದೆ, ನನ್ನದೇ: 'ಯಾವುದನ್ನೂ ನಂಬಬೇಡ.'

ಏಪ್ರಿಲ್ ಒಂದರಿಂದ ನಮ್ಮ ಭಾಷೆ ಬೇಕೆಂದು ಕೇಂದ್ರದವರು ಕೇಳಿದರು. ಪತ್ರವನ್ನು ಬದಲಾಯಿಸಿದೆ. ಪಟ್ಟಿಯನ್ನು ಬದಲಾಯಿಸಲಿಲ್ಲ. ಸ್ಕ್ರೀನಿನಲ್ಲಿ ನೋಡಿ ಮುತ್ತಿನ ಹಾಗಿದೆ ಎಂದೆ. ಸ್ಕ್ರೀನಿಗೂ ಮೇಲಿಗೂ ದಾರಿ ಬೇರೆ. ನನಗೆ ಬರುವ ಮೇಲುಗಳೆಲ್ಲ ಇಂಗ್ಲಿಷ್. ಸರಿಯಾಗೇ ಬರುತ್ತಿದ್ದವು.

ಸೋಡಾಬುಡ್ಡಿ ಜೂನಿನಲ್ಲಿ ಕೇಳಿದ್ದು ಇದನ್ನೇ. ನೆನಪಿಸಲಿಲ್ಲ, ಪುಣ್ಯಾತ್ಗಿತ್ತಿ.

"ನಮ್ಮ ಭಾಷೆ ಒತ್ತಿದೋರ್ಗೆಲ್ಲ ಹೀಗೇ ಹೋಗಿದೆ ಸರ್. ಯಾರೂ ಕಂಪ್ಲೇಂಟ್ ಮಾಡ್ಲಿಲ್ವಾ?"

ಇಲ್ಲ ಎಂದೆ. ಒಂದೂ ಬಂದಿಲ್ಲ.

ಅದೇ ದಿನ. 3.15

ದೂರುಗಳನ್ನು ನನಗೆ ಕಳಿಸುವುದೂ ಅದೇ ಪ್ರೋಗ್ರಾಂ.

ಜುಲೈ 17, ಶುಕ್ರವಾರ. ಬೆಳಿಗ್ಗೆ 9.40

ಮೇಲ್ ಕೆಟ್ಟರೂ ಮೂಲ ದೂರು ಡೇಟಾಬೇಸಿನಲ್ಲಿ ಹಾಗೇ ಉಳಿದಿರುತ್ತದೆ. ನಿನ್ನೆ ತೆರೆಯಲು ಧೈರ್ಯ ಬರಲಿಲ್ಲ. ಇವತ್ತು ತೆರೆದೆ.

ಏಪ್ರಿಲಿನಿಂದ ನಾನು 'ಕಸ' ಎಂದು ಮುಚ್ಚಿದ ದೂರುಗಳು ನೂರ ನಲವತ್ತಮೂರು. ಎಲ್ಲ ನಮ್ಮ ಭಾಷೆಯಲ್ಲಿವೆ. ಎಲ್ಲ ಒಂದೇ ದೂರು: ಮೇಲ್ ಓದಲು ಬರುತ್ತಿಲ್ಲ. ಒಬ್ಬ ತಂದೆ ಇಪ್ಪತ್ತೆರಡು ಸಲ ಬರೆದಿದ್ದಾನೆ. ಎಷ್ಟು ಮನೆಗಳಲ್ಲಿ ಎಷ್ಟು ಜನ ಶನಿವಾರ ಗೋಡೆ ನೋಡುತ್ತ ಕುಳಿತಿದ್ದರೋ.

ಅವಳ ಹೆಸರಿನಲ್ಲಿ ಹನ್ನೊಂದು.

ಮೊದಲನೆಯದು ಏಪ್ರಿಲ್ 2. 'ನಮಸ್ಕಾರ. ನಿಮ್ಮ ವಿಳಾಸದಿಂದ ಒಂದು ಮೇಲ್ ಬಂದಿದೆ. ಬರೀ ಪ್ರಶ್ನೆ ಚಿಹ್ನೆಗಳಿವೆ, ಕೊನೆಗೆ ಒಂದು ಲಿಂಕ್ ಇದೆ. ಇಂಥ ಲಿಂಕ್ ಒತ್ತಬಾರದು, ಮೇಲನ್ನು ಕೂಡಲೇ ಅಳಿಸಬೇಕು ಎಂದು ನನ್ನ ಮಗಳ ತಂದೆ ಹೇಳಿಕೊಟ್ಟಿದ್ದಾರೆ. ಅವರು ಈ ಕೆಲಸ ಬಲ್ಲವರು. ಇದು ನಿಮ್ಮದೇ ಮೇಲ್ ಹೌದೋ ಅಲ್ಲವೋ ತಿಳಿಸಿ.'

ಹೇಳಿಕೊಟ್ಟಿದ್ದೆ. ಆಫೀಸು ನಾಲ್ಕು ದಿನ ನಿಂತಾಗ. ಒಂದು ವಾರ ಊಟಕ್ಕೆ ಕುಳಿತಾಗಲೆಲ್ಲ ಅದೇ ಪಾಠ. ಅವಳು ಆಕಳಿಸುತ್ತಿದ್ದಳು. ಹನ್ನೆರಡು ವರ್ಷದಲ್ಲಿ ನನ್ನ ಒಂದು ಮಾತನ್ನೂ ಕೇಳಲಿಲ್ಲ ಎಂದು ಅಫಿಡವಿಟ್‌ನಲ್ಲಿ ಬರೆಸಿದ್ದೇನೆ.

ಐದನೆಯದು ಮೇ 9. 'ಇವತ್ತು ಮೂರನೇ ಸಲ ಮಗಳನ್ನು ಕರೆದುಕೊಂಡು ಕೇಂದ್ರಕ್ಕೆ ಬಂದೆ. ಭೇಟಿ ನಿಗದಿಯಾಗಿಲ್ಲ, ಏನಿದ್ದರೂ ಸೈಟಿನಲ್ಲಿ ಬರೆಯಿರಿ ಎಂದು ಹೊರಗಿನ ಬೆಂಚಿನಿಂದಲೇ ಕಳಿಸಿದರು. ಅವರು ಭೇಟಿ ಕೇಳುವುದನ್ನೇ ನಿಲ್ಲಿಸಿದ್ದಾರೆಯೇ? ಅಷ್ಟನ್ನಾದರೂ ತಿಳಿಸಿ. ಮಗಳಿಗೆ ಏನೋ ಒಂದು ಹೇಳಬೇಕು.'

ಹನ್ನೊಂದನೆಯದು ಜುಲೈ 7. 'ಅಫಿಡವಿಟ್‌ನ ಪ್ರತಿ ಬಂದಿದೆ. ನಾನು ಬೇಕೆಂದೇ ಸುಮ್ಮನಿದ್ದೆನಂತೆ. ಆ ಮೇಲುಗಳನ್ನು ಬಂದ ಹಾಗೇ ಅಳಿಸಿದ್ದೇನೆ, ತೋರಿಸಲು ನನ್ನ ಬಳಿ ಏನೂ ಇಲ್ಲ. ಇದನ್ನು ಓದುವವರು ಯಾರಾದರೂ ಒಬ್ಬರು ಇದ್ದರೆ, ನಾನು ದೂರು ಕೊಟ್ಟಿದ್ದೆ ಎಂದು ಒಂದು ಸಾಲು ಬರೆದುಕೊಡಿ. ಇಲ್ಲದಿದ್ದರೆ ಮಗಳನ್ನು ಕಳೆದುಕೊಳ್ಳುತ್ತೇನೆ.'

ಕೆಳಗೆ, ಎಲ್ಲ ಹನ್ನೊಂದರ ಕೆಳಗೆ: 'ಸ್ಥಿತಿ — ಕಸ.' ಪಕ್ಕದಲ್ಲಿ ಮುಚ್ಚಿದವನ ಹೆಸರು.

ಜುಲೈ 20, ಸೋಮವಾರ. ಮಧ್ಯಾಹ್ನ 2

ಯಾರಿಗೂ ಗೊತ್ತಿಲ್ಲ. ನೂರ ನಲವತ್ತಮೂರು ದೂರುಗಳನ್ನೂ ಅಳಿಸಲು ಒಂದು ಸಾಲಿನ ಆಜ್ಞೆ ಸಾಕು. ಸದ್ದಿಲ್ಲದೆ ಪಟ್ಟಿ ಸರಿ ಮಾಡಿಬಿಟ್ಟರೆ ಮುಂದಿನ ವಾರದಿಂದ ಎಲ್ಲ ಸುಸೂತ್ರ. ಲಾಗ್ ಇದ್ದ ಹಾಗೇ ಇರುತ್ತದೆ: ತಲುಪಿದೆ. ಎಂಟು ದಿನಕ್ಕೆ ಪಿಟೀಲು ನನ್ನ ಮನೆಯಲ್ಲಿರುತ್ತಾಳೆ. ಪ್ರತಿ ಬೆಳಿಗ್ಗೆ. ವಾರಕ್ಕೆ ಎರಡು ಗಂಟೆಯಲ್ಲ.

ಆಜ್ಞೆ ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ. ಊಟಕ್ಕೆ ಹೋದೆ. ಬಂದೆ. ಸಾಲು ಹಾಗೇ ಇತ್ತು.

ಹನ್ನೊಂದನೇ ದೂರಿನ 'ಯಾರಾದರೂ ಒಬ್ಬರು' ನೆನಪಾಯಿತು. ಓದಿದವನು ನಾನೊಬ್ಬನೇ.

ಒಂದೊಂದೇ ಅಕ್ಷರ ಅಳಿಸುತ್ತ ಆಜ್ಞೆಯನ್ನು ತೆಗೆದೆ. ನಾಲ್ಕು ತಿಂಗಳು ಊರಿನವರ ಮೇಲೆಲ್ಲ ಅನುಮಾನ ಪಟ್ಟೆ. ತಾ ಕಳ್ಳ ಪರರ ನಂಬ.

ಜುಲೈ 22, ಬುಧವಾರ. 10.20

ನಿನ್ನೆ ಸೋಡಾಬುಡ್ಡಿಯೂ ನಾನೂ ಕುಳಿತು ಪಟ್ಟಿ ಬದಲಾಯಿಸಿದೆವು. ಎಲ್ಲ ಲಿಪಿಗಳಿಗೂ ಜಾಗವಿರುವ ಪಟ್ಟಿ. ವಿಷಯದ ಸಾಲು ಬೇರೆ, ಹೆಸರು ಬೇರೆ, ಒಳಗಿನ ಪತ್ರ ಬೇರೆ — ಮೂರನ್ನೂ ಬೇರೆಬೇರೆ ಸರಿಮಾಡಬೇಕಿತ್ತು. ಈ ಸಲ ನಿಜವಾಗಿ ಕಳಿಸಿ ನೋಡಿದೆವು, ಐದು ಕಡೆಯ ಐದು ಖಾತೆಗಳಿಗೆ. ಅವಳಿಗೆ ನನ್ನ ಕೇಸಿನ ವಿಷಯ ಹೇಳಿದೆ. ಆಫೀಸಿನ ಯಜಮಾನರಿಗೂ ಹೇಳಿದೆ. ಅವರ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಲಾಗ್ ನೋಡುವ ಹಕ್ಕು ಇವತ್ತು ಸಂಜೆಗೆ ಹೋಗುತ್ತದೆ. ನ್ಯಾಯವೇ.

10.00ಕ್ಕೆ ಭೇಟಿ ಕೇಳಿದೆ.

10.02. ತಲುಪಿದೆ.

10.06. ಒಪ್ಪಿಗೆ.

ನಾಲ್ಕು ನಿಮಿಷ. ಓದಲಿಕ್ಕೇ ಎರಡು ನಿಮಿಷವಾದರೂ ಬೇಕು. ಕೆಲಸದ ಜಾಗದಲ್ಲಿರುತ್ತಾಳೆ, ಎದುರಿಗೆ ಯಾರಾದರೂ ಇರುತ್ತಾರೆ. ಎಲ್ಲ ಬಿಟ್ಟು ಒತ್ತಿದ್ದಾಳೆ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜುಲೈ 25, ಶನಿವಾರ. ಮಧ್ಯಾಹ್ನ 2

ಹಲ್ಲು ಬಿದ್ದು, ಹೊಸದು ಅರ್ಧ ಬಂದಿದೆ. ಎರಡು ಬೆರಳಷ್ಟು ಉದ್ದವಾಗಿದ್ದಾಳೆ. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅಂಗಡಿಯಲ್ಲಿ ಚಪ್ಪಲಿ ನೋಡುವ ಹಾಗೆ. ಆಮೇಲೆ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮಡಿಲಿಗೆ ಬರಲಿಲ್ಲ.

"ಕೆಲ್ಸ ಮುಗೀತಾ ಅಪ್ಪ?"

ಯಾವ ಕೆಲಸ ಎಂದೆ.

"ಅಮ್ಮ ಹೇಳಿದ್ಲು. ಅಪ್ಪಂಗೆ ತುಂಬ ದೊಡ್ಡ ಕೆಲ್ಸ ಬಂದಿದೆ, ಮುಗಿದ ತಕ್ಷಣ ಬರ್ತಾರೆ ಅಂತ. ನಾವು ಸುಮ್ನೆ ನೋಡ್ಕೊಂಡು ಹೋಗಕ್ಕೆ ಬರ್ತಿದ್ವಿ, ಬೇಗ ಮುಗಿದಿದ್ರೆ ಅಂತ."

ನಾನು ಹೋಗಿರಲಿಲ್ಲ. ಭೇಟಿ ರದ್ದು ಎಂದು ಲಾಗ್ ಹೇಳಿತು, ಮನೆಯಲ್ಲೇ ಕುಳಿತೆ. ಒಂದೇ ಒಂದು ಶನಿವಾರ ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದರೆ ಬೆಂಚಿನ ಮೇಲೆ ಅವರು ಸಿಗುತ್ತಿದ್ದರು.

ಮುಗೀತು ಎಂದೆ. ಹಾಗಾದರೆ ಇನ್ನು ಪ್ರತಿ ವಾರ ಬರುತ್ತೀಯಾ ಎಂದು ಕೇಳಿದಳು. ಕ್ರೋಶಾ ಮೇಡಂ ದಾರ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ಹಾಕಿದರು.

ಒಂದು ಗಂಟೆಗೆ ಮಗಳನ್ನು ಕರೆದೊಯ್ಯಲು ಗೇಟಿನ ಹೊರಗೆ ಅವಳು ನಿಂತಿದ್ದಳು. ಸೊರಗಿದ್ದಾಳೆ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನಾನು ಕಣ್ಣು ಎಲ್ಲಿಡುತ್ತಿದ್ದೆನೋ. ನಂಬರ್ ಅನ್‌ಬ್ಲಾಕ್ ಮಾಡಿದೆ. ಫೋನ್ ಮಾಡಲಿಲ್ಲ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಕೋರ್ಟಿನ ಕಾಗದದಲ್ಲಿ ಬರೆದದ್ದನ್ನು ಕೋರ್ಟಿನಲ್ಲೇ ಅಳಿಸಬೇಕು.

ಜುಲೈ 27, ಸೋಮವಾರ. ರಾತ್ರಿ 9

ವಕೀಲರ ಮುಂದೆ ಎಲ್ಲ ಇಟ್ಟೆ. ಕೊನೆಯವರೆಗೂ ಕೇಳಿದರು. ನೀರು ಕುಡಿದರು.

"ನೋಡಿ, ನಾವು ಸುಳ್ಳು ಹೇಳಿಲ್ಲ. ತಲುಪಿದೆ ಅಂದ್ವಿ, ತಲುಪಿದೆ. ಓದೋಕೆ ಬಂತಾ ಅಂತ ನಿಮ್ಮನ್ನ ಯಾರೂ ಕೇಳಿಲ್ಲ."

"ಕೇಳಿದಾರೆ," ಎಂದೆ. "ಹನ್ನೊಂದು ಸಲ."

ಕೈಗೆ ಬಂದ ತುತ್ತನ್ನು ನೆಲಕ್ಕೆ ಚೆಲ್ಲುತ್ತಿದ್ದೀರಿ ಎಂದರು. ತಪ್ಪು ದಾಖಲೆ ಕೊಟ್ಟಿರಿ ಎಂದು ನ್ಯಾಯಾಧೀಶರು ತಿರುಗಿಬಿದ್ದರೆ ಶನಿವಾರದ ಎರಡು ಗಂಟೆಯೂ ಹೋಗಬಹುದು, ಆಮೇಲೆ ನನ್ನನ್ನು ಬೈಯಬೇಡಿ ಎಂದರು. ಸುಮ್ಮನಿರಿ, ನಾನು ನೋಡಿಕೊಳ್ಳುತ್ತೇನೆ ಎಂದರು. ಹೆದರಿಕೆಯಾಯಿತು. ಈಗಲೂ ಆಗುತ್ತಿದೆ. ಶನಿವಾರ ಹೋದರೆ ನಾನು ಏನು ಮಾಡಲಿ?

ಮನೆಗೆ ಬಂದೆ. ಅಮ್ಮ ಊಟಕ್ಕೆ ಕರೆದರು. ಅವರ ಫೋನ್ ತೆಗೆದು ನೋಡಿದ್ದೆ ಎಂದು ಒಪ್ಪಿಕೊಂಡೆ. ಗೊತ್ತು ಎಂದರು.

ಜುಲೈ 28, ಮಂಗಳವಾರ. 10.45

ಕೋರ್ಟಿನ ಕಾರಿಡಾರು. ಮರದ ಬೆಂಚು. ತೊಡೆಯ ಮೇಲೆ ಕವರು: ಹನ್ನೊಂದು ದೂರಿನ ಹಾಳೆಗಳು, ನನ್ನ ಪ್ರೋಗ್ರಾಂನ ಆ ಪುಟ, ಸೋಡಾಬುಡ್ಡಿ ಸಹಿ ಮಾಡಿಕೊಟ್ಟ ವರದಿ. ಈ ಸಲ ನಿಜವಾದ ಹೆಸರಿನಲ್ಲಿ ಸಹಿ ಮಾಡಿದ್ದಾಳೆ.

ಎದುರಿನ ಬೆಂಚಿನಲ್ಲಿ ಅವಳು. ಕವರನ್ನೇ ನೋಡುತ್ತಿದ್ದಾಳೆ. ತನ್ನ ಮೇಲೆ ಇನ್ನೊಂದು ಪುರಾವೆ ತಂದಿದ್ದಾನೆ ಅಂದುಕೊಂಡಿರುತ್ತಾಳೆ. ಅಂದುಕೊಳ್ಳದೆ ಏನು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಾಳೆ, ಸುತ್ತಿ ಬಿಚ್ಚುತ್ತಿದ್ದಾಳೆ. ಎದ್ದು ಹೋಗಿ ಹೆದರಬೇಡ ಎನ್ನಬೇಕು ಅನ್ನಿಸಿತು. ವಕೀಲರು ನನ್ನ ಮೊಣಕೈ ಹಿಡಿದು ಕೂರಿಸಿದರು.

ಒಳಗೆ ಹೋದ ಮೇಲೆ ನಾಲಿಗೆ ಕೈಕೊಡಬಾರದು. ಹೇಳಬೇಕಾದದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ —

ಸ್ವಾಮಿ, ನಾನು ಕೊಟ್ಟ ಹದಿಮೂರು ಹಾಳೆಯಲ್ಲಿ ತಲುಪಿದೆ ಎಂದಿರುವುದು ನಿಜ. ಆದರೆ ಆ ಪತ್ರಗಳನ್ನು ಯಾರೂ ಓದಲಾಗದ ಹಾಗೆ ಮಾಡಿದ್ದು ನಾನು ಬರೆದ ಪ್ರೋಗ್ರಾಂ. ಅವಳು ಅದನ್ನು ಹನ್ನೊಂದು ಸಲ ತಿಳಿಸಿದ್ದಳು. ಹನ್ನೊಂದು ಸಲವೂ ಕಸ ಎಂದು ಮುಚ್ಚಿದ

ಕರೆದರು.